ಸಿದ್ದಿ ಕೇರಿಗೆ ಬಂದ ಕಾಗದ

ಅತ್ತಿವೇರಿ ಕೆರೆಗೆ ಭಾನುವಾರ ಬರುವವರಲ್ಲಿ ಹೆಚ್ಚಿನವರು ಹುಬ್ಬಳ್ಳಿ ಕಡೆಯವರು. ಬುತ್ತಿ ಕಟ್ಟಿಕೊಂಡು ಬಂದು, ಮಕ್ಕಳ ಕೈಗೆ ದುರ್ಬೀನು ಕೊಟ್ಟು, ಕೆಂಬರಲು ಯಾವುದು, ಚಮಚದ ಕೊಕ್ಕು ಯಾವುದು, ಬಾಯ್ಕಳಕ ಯಾವುದು ಎಂದು ತೋರಿಸಿ ಸಂಜೆಯೊಳಗೆ ಊರು ಸೇರುತ್ತಾರೆ. ಹೊಲಗದ್ದೆಗಳ ನೀರಾವರಿಗೆಂದು ಕಟ್ಟಿದ ಜಲಾಶಯ ಇದು. ಹಕ್ಕಿಗಳು ತಾವಾಗಿ ಬಂದು ನೆಲೆಯಾದ ಮೇಲೆ ಪಕ್ಷಿಧಾಮ ಎನಿಸಿಕೊಂಡಿತು. ವಿಸ್ತೀರ್ಣ 2.23 ಚದರ ಕಿಲೋಮೀಟರ್. ದೂರದೇಶದಿಂದ ಹಾರಿಬರುವ ಹಕ್ಕಿಗೂ ಸರ್ಕಾರದ ಕಡತದಲ್ಲಿ ಇಷ್ಟು ಜಾಗ ಎಂದು ಬರೆದಿದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡು ಮುಂಡಗೋಡದ ಕಡೆ ತಿರುಗೋಣ.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ ಬಹಳ ಮಂದಿ ಬೇರೆಲ್ಲಿಂದಲೋ ಬಂದವರು. ಎಮ್ಮೆ ಹಿಂಡು ಹೊಡೆದುಕೊಂಡು ಬಂದ ಗೌಳಿಗರಿದ್ದಾರೆ, ಲಂಬಾಣಿಗರ ತಾಂಡಾಗಳಿವೆ, ಟಿಬೆಟನ್ನರ ಕ್ಯಾಂಪುಗಳಿವೆ. ಮೈನಳ್ಳಿ, ಗುಂಜಾವತಿಯಂಥ ಕಾಡಂಚಿನ ಊರುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಟಿಬೆಟನ್ನರು ಇಲ್ಲಿಗೆ ಬಂದದ್ದು 1966ರಲ್ಲಿ. ಆಗಿನ ಮೈಸೂರು ರಾಜ್ಯ ಅವರಿಗೆ ಸುಮಾರು ನಾಲ್ಕು ಸಾವಿರ ಎಕರೆ ಕೊಟ್ಟಿತು. ಒಡೆತನವಿಲ್ಲ, ಗುತ್ತಿಗೆ ಮಾತ್ರ. ಆದರೂ ಕಾಗದ ಇತ್ತು, ನಕ್ಷೆ ಇತ್ತು, ಕ್ಯಾಂಪಿಗೆ ನಂಬರು ಇತ್ತು. ಮನೆ ಮಠ ಕಳೆದುಕೊಂಡು ಹಿಮಾಲಯ ದಾಟಿ ಬಂದವರಿಗೆ ನಾಡು ಮಾಡಿದ ಒಳ್ಳೆಯ ಕೆಲಸ ಅದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಹೊತ್ತಿಗೆ ಅದೇ ಕಾಡಿನಲ್ಲಿ ತಲೆಮಾರುಗಳಿಂದ ಇದ್ದ ಸಿದ್ದಿಗೆ ತಾನು ಮಲಗುವ ನೆಲದ ಮೇಲೂ ಕಾಗದವಿರಲಿಲ್ಲ. ಎಲ್ಲಿಂದ ಬಂದೆ ಎಂಬುದಕ್ಕಿಂತ ಯಾರು ಕರೆದುಕೊಂಡು ಬಂದರು, ಯಾರು ನಿನ್ನ ಪರವಾಗಿ ಅರ್ಜಿ ಬರೆದರು ಎಂಬುದು ಈ ದೇಶದಲ್ಲಿ ದೊಡ್ಡದು.

ಅರ್ಜಿ ಬರೆಯುವವರ ಕತೆಯೇ ಈ ಲೇಖನ.

ಮುಂಡಗೋಡದಲ್ಲಿ ಲೊಯೋಲಾ ವಿಕಾಸ ಕೇಂದ್ರ ಎಂಬ ಸಂಸ್ಥೆ ಇದೆ. ನಡೆಸುವವರು ಜೆಸ್ವಿಟ್ ಪಾದ್ರಿಗಳು, ಅಂದರೆ 1540ರಲ್ಲಿ ಇಗ್ನೇಷಿಯಸ್ ಲೊಯೋಲಾ ಕಟ್ಟಿದ ಯೇಸುಸಭೆಯವರು. ಮಂಗಳೂರಿನವರಿಗೆ ಇವರು ಸೇಂಟ್ ಅಲೋಷಿಯಸ್ ಕಾಲೇಜಿನಿಂದ, ಫಾದರ್ ಮುಲ್ಲರ್ ಆಸ್ಪತ್ರೆಯ ಇತಿಹಾಸದಿಂದ ಗೊತ್ತು. ಘಟ್ಟದ ಮೇಲಿನ ಕೆಲಸ ಅಷ್ಟು ಕಣ್ಣಿಗೆ ಬೀಳುವಂಥದ್ದಲ್ಲ. ಸಿದ್ದಿ, ಗೌಳಿ, ಲಂಬಾಣಿ, ದಲಿತ ಕುಟುಂಬಗಳ ನಡುವೆ ಹೆಂಗಸರ ಸಂಘ ಕಟ್ಟುವುದು, ಸಂಜೆ ಹೊತ್ತು ಶಾಲಾಮಕ್ಕಳಿಗೆ ಟ್ಯೂಷನ್ ಹೇಳುವುದು, ಅಂಗವಿಕಲರ ಮನೆಗೆ ಹೋಗಿ ಅವರಿಗೆ ಬರಬೇಕಾದದ್ದನ್ನು ಬರುವಂತೆ ಮಾಡುವುದು, ಸರ್ಕಾರದ ಯೋಜನೆ ಯಾವುದು ಯಾರಿಗೆ ಎಂದು ತಿಳಿಸುವುದು. ಕೇಳುವುದಕ್ಕೆ ಸಪ್ಪೆ ಎನಿಸುವ ಕೆಲಸಗಳು. ಫೋಟೋ ಹೊಡೆದರೆ ನಾಲ್ಕು ಜನ ಚಾಪೆಯ ಮೇಲೆ ಕೂತದ್ದಷ್ಟೇ ಕಾಣುತ್ತದೆ. ಕಾಡಂಚಿನ ಕೇರಿಗಳಲ್ಲಿ ಬದಲಾವಣೆ ಶುರುವಾದದ್ದು ಬಹುಮಟ್ಟಿಗೆ ಇಂಥ ಚಾಪೆಗಳ ಮೇಲೆಯೇ ಎಂಬುದು ನನ್ನ ತಿಳಿವಳಿಕೆ.

ಅದು ಅರ್ಥವಾಗಬೇಕಾದರೆ ಸಿದ್ದಿಗಳು ಇಲ್ಲಿಗೆ ಬಂದ ಬಗೆ ಗೊತ್ತಿರಬೇಕು. ಹದಿನಾರನೇ ಶತಮಾನದಿಂದ ಪೋರ್ಚುಗೀಸರ ಹಡಗುಗಳು ಪೂರ್ವ ಆಫ್ರಿಕಾದ ಕರಾವಳಿಯಿಂದ ಜನರನ್ನು ಗುಲಾಮರನ್ನಾಗಿ ಗೋವೆಗೆ ತಂದವು. ಅವರಿಗಿಂತ ಮೊದಲೇ ಅರಬ್ ವರ್ತಕರು ಈ ವ್ಯಾಪಾರದಲ್ಲಿದ್ದರು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಅಂಕೋಲೆಯ ಕಾಡುಗಳಲ್ಲಿ ಸೇರಿಕೊಂಡರು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇವರ ಮೂಲ ಆಫ್ರಿಕಾದ ಬಾಂಟು ಜನರಲ್ಲಿದೆ ಎಂದೂ, ಇಲ್ಲಿನವರೊಡನೆ ರಕ್ತ ಬೆರೆತು ಸುಮಾರು ಇನ್ನೂರು ವರ್ಷವಾಗಿದೆ ಎಂದೂ ಹೇಳಿತು. ಆಫ್ರಿಕಾದಿಂದ ಬಂದವರೆಲ್ಲ ಭಾರತದಲ್ಲಿ ಹೀಗೆ ಕಾಡುಪಾಲಾಗಲಿಲ್ಲ. ಅಹಮದ್‌ನಗರದ ಮಲಿಕ್ ಅಂಬರ್ ಗುಲಾಮನಾಗಿ ಬಂದು ರಾಜ್ಯವನ್ನೇ ಆಳಿದ, ಮೊಘಲರ ನಿದ್ದೆ ಕೆಡಿಸಿದ. ಜಂಜೀರಾ ದ್ವೀಪದ ಸಿದ್ದಿಗಳು ನವಾಬರಾದರು. ನಮ್ಮ ಜಿಲ್ಲೆಯ ಸಿದ್ದಿಗಳಿಗೆ ಸಿಕ್ಕಿದ್ದು ಒಂದು ಕತ್ತಿ, ಒಂದು ಕಂಬಳಿ, ಮತ್ತೊಬ್ಬರ ಅಡಿಕೆ ತೋಟ.

ಹೆಸರುಗಳನ್ನೇ ನೋಡಿ. ಕ್ರೈಸ್ತ ಸಿದ್ದಿಗಳಲ್ಲಿ ಜುಜೆ, ಮಿಂಗೇಲ್, ಬಸ್ತ್ಯಾಂವ್ ಎಂಬ ಹೆಸರುಗಳು ಸಿಗುತ್ತವೆ. ಪೋರ್ಚುಗೀಸರ ಜೋಸೆ, ಮಿಗೇಲ್, ಸೆಬಾಸ್ಟಿಯಾಂವ್‌ಗಳು ಕೊಂಕಣಿ ಬಾಯಲ್ಲಿ ಸವೆದು ಹೀಗಾದವು. ಮುಸ್ಲಿಂ ಸಿದ್ದಿಗಳಿದ್ದಾರೆ, ಹಿಂದೂ ಸಿದ್ದಿಗಳಿದ್ದಾರೆ. ಯಾವ ಒಡೆಯನ ಮನೆಯಲ್ಲಿದ್ದರೋ ಆ ಮನೆಯ ದೇವರು ಬಹುತೇಕ ಅವರ ದೇವರಾಯಿತು. ಆದರೂ ಗತಿಸಿದ ಹಿರಿಯರಿಗೆ ನಡೆದುಕೊಳ್ಳುವುದು, ಡಮಾಮಿ ಬಡಿದು ಕುಣಿಯುವುದು, ಈ ಎರಡರಲ್ಲಿ ಮತಭೇದ ಅಷ್ಟಾಗಿ ಕಾಣುವುದಿಲ್ಲ. ಮನೆಯಲ್ಲಿ ಕೊಂಕಣಿ ಅಥವಾ ಉರ್ದು, ಸಂತೆಯಲ್ಲಿ ಕನ್ನಡ, ಹಳಿಯಾಳದ ಕಡೆ ಮರಾಠಿಯೂ ಬರುತ್ತದೆ. ಇಷ್ಟಿದ್ದೂ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಿ ಹುಡುಗನೊಬ್ಬ ಕನ್ನಡದಲ್ಲಿ ಟಿಕೆಟ್ ಕೇಳಿದರೆ ಎದುರಿನವರು ಇಂಗ್ಲಿಷಿನಲ್ಲಿ ಉತ್ತರಿಸುವುದುಂಟು. ಯಾವ ದೇಶದವರು ಎಂದು ಕೇಳಿಸಿಕೊಳ್ಳದೆ ಬೆಳೆದ ಸಿದ್ದಿ ಮಗು ಇರಲಾರದು.

ಚರ್ಚಿಗೂ ಈ ಜನಕ್ಕೂ ಇರುವ ಸಂಬಂಧ ಹಳೆಯದು, ಮುಜುಗರದ್ದು ಕೂಡ. ಗೋವೆಯಲ್ಲಿ ಗುಲಾಮರಿಗೆ ಜ್ಞಾನಸ್ನಾನ ಕೊಟ್ಟ ಪಾದ್ರಿಗಳ ಮಠಗಳಲ್ಲೇ ಗುಲಾಮರು ನೀರು ಹೊರುತ್ತಿದ್ದರು. ಹಳೇ ಗೋವೆಯ ಸಾಂತಾ ಮೋನಿಕಾ ಕನ್ಯಾಮಠಕ್ಕೂ ಜೆಸ್ವಿಟರ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಅದೇ ಸಭೆಯ ಹೆಸರು ಹೊತ್ತವರು ನಾಲ್ಕು ಶತಮಾನದ ಮೇಲೆ ಅವರ ಸಂತತಿಯ ಜಾತಿ ಪ್ರಮಾಣಪತ್ರಕ್ಕಾಗಿ ಓಡಾಡುವುದನ್ನು ಹಳೆಯ ಸಾಲ ತೀರಿಸುವುದು ಎನ್ನಬೇಕೆನಿಸುತ್ತದೆ. ಹಾಗೆಂದರೆ ಕೆಲಸ ಮಾಡುವವರಿಗೂ ಅನ್ಯಾಯ, ಸಿದ್ದಿಗಳಿಗೂ ಅನ್ಯಾಯ. ಆ ಸಾಲ ಟ್ಯೂಷನ್ ಕ್ಲಾಸಿನಿಂದ ತೀರುವಷ್ಟು ಸಣ್ಣದಲ್ಲ.

ಘಟ್ಟ ಹತ್ತಿದ ಮೇಲೆ ಕ್ರೈಸ್ತ ಸಿದ್ದಿಗಳ ಇಗರ್ಜಿ ನಂಟು ಸಡಿಲವಾಯಿತು. ಕಾಡಿನೊಳಗಿನ ಕೇರಿಗೂ ಪಾದ್ರಿಗೂ ಬಹಳ ದೂರ. 1976ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವನ್ನು ಒಡೆದು ಕಾರವಾರಕ್ಕೆ ಬೇರೆ ಬಿಷಪ್ ಪೀಠ ಬಂತು. ಅದೇ ವರ್ಷ ಎರಡು ಬೇರೆ ಸಂಗತಿಗಳೂ ನಡೆದವು, ಒಂದಕ್ಕೊಂದು ಸಂಬಂಧವಿಲ್ಲದೆ. ಒಂದು, ಜೀತ ಪದ್ಧತಿ ರದ್ದು ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಇನ್ನೊಂದು, ಟಿ.ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಮೇಲೆ ಬರೆದ ಇಂಗ್ಲಿಷ್ ಪುಸ್ತಕ ಹೊರಬಂತು. ಎಂಟು ವರ್ಷದ ಮೇಲೆ, 1984ರಲ್ಲಿ, ಸಿಪ್ರಿಯನ್ ಲೋಬೊ ಕರ್ನಾಟಕದ ಸಿದ್ದಿಗಳ ಬಗ್ಗೆ ಇನ್ನೊಂದು ಅಧ್ಯಯನ ತಂದರು. ಈ ಲೋಬೊ ಅವರೇ ಮುಂದೆ ಕಿರಣ್ ಕಮಲ್ ಪ್ರಸಾದ್ ಎಂಬ ಹೆಸರಿನಲ್ಲಿ ಜೀತ ವಿಮುಕ್ತಿಯ ‘ಜೀವಿಕ’ ಸಂಘಟನೆ ಕಟ್ಟಿದವರು. ಸಿದ್ದಿ ಕೇರಿಯನ್ನು ಹತ್ತಿರದಿಂದ ಕಂಡವರು ಜೀತದ ವಿರುದ್ಧ ನಿಂತದ್ದು ಸಹಜವೇ.

ಜೀತ ಎಂದರೆ ಸಂಕೋಲೆ ಹಾಕಿ ಕೂರಿಸುವುದು ಎಂದುಕೊಂಡವರಿಗೆ ಈ ಕಡೆಯ ಜೀತ ಕಣ್ಣಿಗೆ ಬೀಳುವುದಿಲ್ಲ. ಮಗಳ ಮದುವೆಗೋ, ಹೆಂಡತಿಯ ಕಾಯಿಲೆಗೋ ಒಡೆಯರ ಹತ್ತಿರ ಮುಂಗಡ ತರುತ್ತಾರೆ. ಅದು ಹರಿಯುವವರೆಗೆ ತೋಟದಲ್ಲಿ ದುಡಿಯಬೇಕು. ದುಡಿಯುವಾಗ ಉಣ್ಣಬೇಕು, ಉಣ್ಣಲು ಮತ್ತೆ ಸಾಲ. ಲೆಕ್ಕ ಒಡೆಯರ ಪುಸ್ತಕದಲ್ಲಿರುತ್ತದೆ, ಸಿದ್ದಿಗೆ ಓದಲು ಬರುವುದಿಲ್ಲ. ಇಲ್ಲೂ ಕಾಗದವೇ ಸಮಸ್ಯೆ, ಗಮನಿಸಿ. ಕಾಗದ ಇತ್ತು, ಆದರೆ ಅದು ಅವನ ಕೈಯಲ್ಲಿರಲಿಲ್ಲ.

1974ರ ಭೂಸುಧಾರಣೆ ಬಂದಾಗ ಕರ್ನಾಟಕದ ಲಕ್ಷಾಂತರ ಗೇಣಿದಾರರು ಏಳನೇ ನಮೂನೆಯ ಅರ್ಜಿ ತುಂಬಿ ಭೂಮಿ ಪಡೆದರು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಈಗಲೂ ಮೈ ನವಿರೇಳಿಸುತ್ತದೆ. ಆದರೆ ಕಾಯ್ದೆಯ ಕಣ್ಣಿಗೆ ಉಳುವವನೆಂದರೆ ಗೇಣಿದಾರ. ಆಳಾಗಿ ಉಳುವವನು, ತೋಟದಲ್ಲಿ ಮಣ್ಣು ಹೊರುವವನು, ಕೊನೆ ಕೊಯ್ಯಲು ಅಡಿಕೆ ಮರ ಹತ್ತುವವನು ಆ ಲೆಕ್ಕಕ್ಕೆ ಬರಲಿಲ್ಲ. ಗೇಣಿ ಕೊಟ್ಟ ಗುರುತಿದ್ದವರಿಗೆ ಹೊಲ ಸಿಕ್ಕಿತು. ಆಳಿಗೆ ಯಾವ ಗುರುತು? ಅಡಿಕೆ ತೋಟಿಗರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಹಕ್ಕು ಇದೆ, ತೋಟಕ್ಕೆ ಸೊಪ್ಪು ತರಲು ಇಷ್ಟು ಕಾಡು ಎಂದು. ಆ ಸೊಪ್ಪು ಕಡಿದು ಹೊತ್ತು ತಂದವನ ಹೆಸರು ಯಾವ ಪುಸ್ತಕದಲ್ಲೂ ಏರಲಿಲ್ಲ. ಅವನ ಗುಡಿಸಲು ಇದ್ದ ಜಾಗ ಅರಣ್ಯ ಇಲಾಖೆಯ ನಕ್ಷೆಯಲ್ಲಿ ‘ಅತಿಕ್ರಮಣ’.

ಇಂಥ ಕೇರಿಗೆ ಅಕ್ಕಿ ಹಂಚಲು ಬಂದವರು ಅಕ್ಕಿ ಹಂಚಿ ಹೋಗುತ್ತಾರೆ. ಉಳಿದುಕೊಂಡವರಿಗೆ ಬೇಗನೆ ಗೊತ್ತಾಗುವ ಸಂಗತಿ, ಹಸಿವಿನ ಹಿಂದೆ ಒಂದು ದಾಖಲೆ ಕಾಣೆಯಾಗಿದೆ ಎಂಬುದು. ಮಗು ಶಾಲೆ ಬಿಟ್ಟದ್ದಕ್ಕೆ ಕಾರಣ ಕೇಳುತ್ತ ಹೋದರೆ ಹಾಸ್ಟೆಲ್ ಸೀಟು ಸಿಗಲಿಲ್ಲ, ಸೀಟು ಸಿಗದಿದ್ದುದಕ್ಕೆ ಜಾತಿ ಪ್ರಮಾಣಪತ್ರ ಇರಲಿಲ್ಲ, ಪ್ರಮಾಣಪತ್ರ ಇಲ್ಲದ್ದಕ್ಕೆ ಅಪ್ಪ ಶಾಲೆಗೇ ಹೋಗಿರಲಿಲ್ಲ, ಹಾಗಾಗಿ ಅವನ ಜಾತಿ ಬರೆದ ಟಿ.ಸಿ. ಇಲ್ಲ. ನಾಡಕಚೇರಿಯ ಕೌಂಟರಿನ ಮುಂದೆ ನಿಂತು ಈ ಸರಪಳಿಯನ್ನು ಬಿಡಿಸಿ ಹೇಳುವುದಕ್ಕೆ ಧೈರ್ಯ ಬೇಕು, ಪುರಸೊತ್ತು ಬೇಕು. ದಿನಗೂಲಿ ಬಿಟ್ಟು ಮೂರು ಸಲ ತಾಲ್ಲೂಕಿಗೆ ಹೋಗಿಬರುವ ಬಸ್ ಚಾರ್ಜು ಬೇಕು. ಸಂಘದ ಹೆಂಗಸರು ಐದಾರು ಮಂದಿ ಒಟ್ಟಿಗೆ ಹೋದರೆ ಕೌಂಟರಿನ ಆಚೆಯ ದನಿ ತಗ್ಗುತ್ತದೆ. ಚಾಪೆಯ ಮೇಲೆ ಕಲಿತದ್ದು ಉಪಯೋಗಕ್ಕೆ ಬರುವುದು ಅಲ್ಲಿ.

ಸಿದ್ದಿಗಳ ದೊಡ್ಡ ಕಾಗದ ಬಂದದ್ದು 2003ರ ಜನವರಿಯಲ್ಲಿ. ಸಂಸತ್ತಿನ ತಿದ್ದುಪಡಿ ಕಾಯ್ದೆಯೊಂದು ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿತು. ಗುಜರಾತಿನ ಸೌರಾಷ್ಟ್ರ ಭಾಗದ ಸಿದ್ದಿಗಳು ಅಷ್ಟರಲ್ಲಿ ದಶಕಗಳಿಂದ ಪಟ್ಟಿಯಲ್ಲಿದ್ದರು. ಒಂದೇ ಮೂಲದ ಜನ ಅಲ್ಲಿ ಬುಡಕಟ್ಟು, ಇಲ್ಲಿ ಬರೀ ಬಡವರು. ಪಟ್ಟಿಗೆ ಸೇರಲು ದಾಟಬೇಕಾದ ಹೊಸ್ತಿಲುಗಳೂ ವಿಚಿತ್ರ. 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳೇ ಇವತ್ತಿಗೂ ಅಳತೆಗೋಲು. ಆದಿಮ ಕುರುಹು, ಬೇರೆಯೇ ಆದ ಸಂಸ್ಕೃತಿ, ದೂರದ ನೆಲೆ, ಹಿಂದುಳಿದಿರುವಿಕೆ, ಜೊತೆಗೆ ಹೊರಗಿನವರೊಡನೆ ಬೆರೆಯಲು ನಾಚಿಕೆ. ನಾಚುವವನು ದೆಹಲಿಯವರೆಗೆ ಹೋಗಿ ತನ್ನ ನಾಚಿಕೆಯನ್ನು ಸಾಬೀತುಪಡಿಸಬೇಕು! ರಾಜ್ಯ ಸರ್ಕಾರ ಶಿಫಾರಸು ಮಾಡಬೇಕು, ಭಾರತದ ರಿಜಿಸ್ಟ್ರಾರ್ ಜನರಲ್ ಒಪ್ಪಬೇಕು, ಪರಿಶಿಷ್ಟ ಪಂಗಡಗಳ ಆಯೋಗ ಒಪ್ಪಬೇಕು, ಕೊನೆಗೆ ಸಂಸತ್ತು. ಪಟ್ಟಿಯ ಈ ಜಾಗ ಸಿದ್ದಿಗಳು ತಮ್ಮದೇ ಸಂಘಟನೆ ಕಟ್ಟಿಕೊಂಡು ವರ್ಷಗಟ್ಟಲೆ ಕೇಳಿ ಪಡೆದದ್ದು. ಅದರ ಶ್ರೇಯವನ್ನು ಯಾವ ಚರ್ಚಿನ ಜೇಬಿಗೂ ಹಾಕಲಾಗದು. ಆದರೆ ಇಂಥ ಕಡತಕ್ಕೆ ಆಧಾರ ಬೇಕು, ಯಾರೋ ಕೂತು ಬರೆದ ಅಧ್ಯಯನ ಬೇಕು, ಪತ್ರ ಬರೆಯಲು ಬರುವ ಹುಡುಗರು ಬೇಕು. ಆ ಹುಡುಗರಲ್ಲಿ ಎಷ್ಟೋ ಮಂದಿ ಓದಿದ್ದು ಯಾವುದೋ ಮಿಷನ್ ಶಾಲೆಯಲ್ಲಿ, ಇಲ್ಲವೇ ಯಾವುದೋ ಆಶ್ರಮದ ಹಾಸ್ಟೆಲಿನಲ್ಲಿ.

ಪರಿಶಿಷ್ಟ ಪಂಗಡ ಎಂಬ ಮಾತಿನಲ್ಲಿ ಸಿದ್ದಿಗಳ ಮಟ್ಟಿಗೆ ಒಂದು ವಿಶೇಷವಿದೆ. ಪರಿಶಿಷ್ಟ ಜಾತಿಯವರಿಗೆ 1950ರ ರಾಷ್ಟ್ರಪತಿ ಆದೇಶ ಮತದ ಬೇಲಿ ಹಾಕಿದೆ. ಮೊದಲು ಹಿಂದೂಗಳಿಗೆ ಮಾತ್ರ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬೇಲಿ ತೆರೆಯಿತು. ಕ್ರೈಸ್ತ ದಲಿತನಿಗೂ ಮುಸ್ಲಿಂ ದಲಿತನಿಗೂ ಇವತ್ತಿಗೂ ತೆರೆದಿಲ್ಲ. ಪಂಗಡದ ಪಟ್ಟಿಗೆ ಈ ಬೇಲಿ ಇಲ್ಲ. ಹಾಗಾಗಿ ಜುಜೆಯೂ, ಇಮಾಮ್ ಸಾಬನೂ, ಗಣಪನೂ ಒಂದೇ ಪ್ರಮಾಣಪತ್ರ ಹಿಡಿಯಬಹುದು. ಮೂರು ಮತಗಳಿಗೆ ಹಂಚಿಹೋದ ಒಂದು ಜನಾಂಗಕ್ಕೆ ಇದಕ್ಕಿಂತ ಹೊಂದುವ ಕಾಗದ ಇನ್ನೊಂದಿರಲಿಲ್ಲ. ಸಿದ್ದಿಗಳ ಒಗ್ಗಟ್ಟನ್ನು ಹಿರಿಯರ ಪೂಜೆ ಎಷ್ಟು ಉಳಿಸಿತೋ ತಹಶೀಲ್ದಾರರ ಸಹಿಯೂ ಅಷ್ಟೇ ಉಳಿಸಿದೆ.

ಆ ಕಾಗದಕ್ಕೂ ಒಂದು ಗಡಿ ಇತ್ತು. ಹಳಿಯಾಳದ ಕಾಡು ಜಿಲ್ಲೆಯ ಗಡಿಗೆ ನಿಲ್ಲುವುದಿಲ್ಲ, ಆಚೆ ಧಾರವಾಡ ಜಿಲ್ಲೆಯ ಕಲಘಟಗಿ, ಬೆಳಗಾವಿ ಜಿಲ್ಲೆಯ ಖಾನಾಪುರ. ಅಲ್ಲಿಯೂ ಸಿದ್ದಿಗಳಿದ್ದಾರೆ, ನೆಂಟರಿದ್ದಾರೆ, ಕೊಟ್ಟು ತಂದ ಸಂಬಂಧಗಳಿವೆ. 2003ರ ಪಟ್ಟಿ ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂದು ಬರೆದುಬಿಟ್ಟಿತ್ತು. ಹಳಿಯಾಳದ ದಾಯಾದಿ ಪರಿಶಿಷ್ಟ ಪಂಗಡ, ಕಲಘಟಗಿಯ ದಾಯಾದಿ ಅಲ್ಲ. ಆ ತಪ್ಪು ಸರಿಹೋಗಲು ಹದಿನೇಳು ವರ್ಷ ಬೇಕಾಯಿತು. 2020ರ ತಿದ್ದುಪಡಿ ಬೆಳಗಾವಿ, ಧಾರವಾಡದ ಸಿದ್ದಿಗಳನ್ನೂ ಸೇರಿಸಿತು. 2003ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಕಲಘಟಗಿಯ ಸಿದ್ದಿ ಮಗು ಅಷ್ಟರಲ್ಲಿ ಹಾಸ್ಟೆಲ್ ಬೇಡದ ವಯಸ್ಸಿಗೆ ಬಂದಿತ್ತು. ಪಕ್ಕದ ಜೋಯಿಡಾದ ಕುಣಬಿಗಳಂತೂ ಇದೇ ಬಾಗಿಲನ್ನು ಬಡಿಯುತ್ತಲೇ ಇದ್ದಾರೆ.

ಪಟ್ಟಿಯ ನಿಜವಾದ ಬೆಲೆ ಗೊತ್ತಾಗಿದ್ದು ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ. 2006ರ ಈ ಕಾಯ್ದೆ ಪ್ರಕಾರ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನ ಜಾಗದಲ್ಲಿ ವಾಸವಾಗಿ ಸಾಗುವಳಿ ಮಾಡುತ್ತಿದ್ದರೆ ಸಾಕು, ನಾಲ್ಕು ಹೆಕ್ಟೇರಿನವರೆಗೆ ಹಕ್ಕು ಕೇಳಬಹುದು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ ಅಲ್ಲಿದ್ದೇವೆಂದು ಸಾಬೀತುಪಡಿಸಬೇಕು. ಎಪ್ಪತ್ತೈದು ವರ್ಷದ ಹಿಂದಿನ ದಾಖಲೆ ಯಾವ ಬಡವನ ಟ್ರಂಕಿನಲ್ಲಿದೆ? ಉತ್ತರ ಕನ್ನಡದಲ್ಲಿ ಅತಿಕ್ರಮಣದಾರರ ಅರ್ಜಿಗಳು ರಾಶಿರಾಶಿಯಾಗಿ ತಿರಸ್ಕೃತವಾದದ್ದು ಈ ಒಂದು ಷರತ್ತಿಗೆ. 2003ರ ಕಾಗದ ಸಿದ್ದಿಗಳನ್ನು ಆ ಷರತ್ತಿನಿಂದ ಪಾರುಮಾಡಿತು. ಹಾಗೆಂದು ಕೆಲಸ ಸಲೀಸಾಗಲಿಲ್ಲ. ಗ್ರಾಮಸಭೆ ಕರೆಯಬೇಕು, ಅರಣ್ಯ ಹಕ್ಕು ಸಮಿತಿ ಸ್ಥಳ ನೋಡಬೇಕು, ಉಪವಿಭಾಗ ಸಮಿತಿ, ಆಮೇಲೆ ಜಿಲ್ಲಾ ಸಮಿತಿ. ಕನಿಷ್ಠ ಎರಡು ಬಗೆಯ ಸಾಕ್ಷ್ಯ ಕೊಡಬೇಕು. ಊರಿನ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯವೆಂದು ನಿಯಮ ಒಪ್ಪುತ್ತದೆ. ಇದು ಗೊತ್ತಿಲ್ಲದೆ ಬರಿಗೈಯಲ್ಲಿ ಕೂತ ಕೇರಿಗಳೂ ಇದ್ದವು. ಹಿರಿಯರು ಹೇಳುತ್ತಾರೆ, ಬರೆಯುವವರು ಯಾರು? ಮತ್ತೆ ಅದೇ ಪ್ರಶ್ನೆ.

ಮೇಲಿನಿಂದ ಬಂದ ಸಹಾಯ ಹೇಗಿರುತ್ತದೆ ಎಂಬುದಕ್ಕೂ ಸಿದ್ದಿಗಳ ಬಳಿ ಅನುಭವವಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಡತೊಡಗಿತು. ಆಫ್ರಿಕಾ ಮೂಲದವರಲ್ಲವೇ, ಒಲಿಂಪಿಕ್ಸಿನಿಂದ ಪದಕ ತರುತ್ತಾರೆ ಎಂಬ ಲೆಕ್ಕಾಚಾರ. ಕಮಲಾ ಸಿದ್ದಿಯಂಥ ಅಥ್ಲೀಟುಗಳು ನಿಜಕ್ಕೂ ಹೆಸರು ಮಾಡಿದರು. 1993ರಲ್ಲಿ ಯೋಜನೆ ಮುಚ್ಚಿತು. ಕೆಲವರಿಗೆ ನೌಕರಿ ಸಿಕ್ಕಿತು, ಉಳಿದವರು ಬೂಟು ಬಿಚ್ಚಿಟ್ಟು ತೋಟಕ್ಕೆ ಮರಳಿದರು. ಆ ಯೋಜನೆಗೆ ಬೇಕಾಗಿದ್ದುದು ಸಿದ್ದಿಗಳ ಕಾಲು. ಕಾಲು ಅಷ್ಟು ಬೇಗ ಪದಕ ಕೊಡದಿದ್ದಾಗ ಜನರೂ ಬೇಡವಾದರು.

ಚರ್ಚಿನ ಸಂಸ್ಥೆಗಳ ಬಗ್ಗೆ ಬರೆಯುವಾಗ ಮತಾಂತರದ ಪ್ರಶ್ನೆಯನ್ನು ತಪ್ಪಿಸಿ ನಡೆದರೆ ಓದುಗರು ನಂಬುವುದಿಲ್ಲ, ನಂಬಲೂಬಾರದು. ಕ್ರೈಸ್ತ ಸಿದ್ದಿಗಳು ನಿನ್ನೆ ಮೊನ್ನೆ ಕ್ರೈಸ್ತರಾದವರಲ್ಲ, ಗೋವೆಯಿಂದಲೇ ಆ ಹೆಸರು ಹೊತ್ತು ಬಂದವರು. ಆದರೆ ಸಹಾಯ ಮಾಡುವ ಕೈಯಲ್ಲಿ ಶಿಲುಬೆ ಇದ್ದರೆ ಪಡೆಯುವವನಿಗೆ ಒಂದು ದಾಕ್ಷಿಣ್ಯ ಹುಟ್ಟುತ್ತದೆ ಎಂಬುದೂ ನಿಜ. ಅದೇ ದಾಕ್ಷಿಣ್ಯ ಓಂ ಬರೆದ ಹಾಸ್ಟೆಲಿನಲ್ಲೂ ಹುಟ್ಟುತ್ತದೆ. ಯಲ್ಲಾಪುರದ ಕಡೆ ಸಿದ್ದಿಗಳ ನಡುವೆ ವನವಾಸಿ ಕಲ್ಯಾಣದವರು ದಶಕಗಳಿಂದ ಇದ್ದಾರೆ. ಆ ಸಂಘಟನೆಯಿಂದ ಬಂದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಕರ್ನಾಟಕದ ಶಾಸನಸಭೆಗೆ ಕಾಲಿಟ್ಟ ಮೊದಲ ಸಿದ್ದಿ. ಗುಜರಾತಿನ ಜಾಂಬೂರಿನಲ್ಲಿ ಸಿದ್ದಿ ಹೆಂಗಸರನ್ನು ಸಂಘಟಿಸಿ 2023ರಲ್ಲಿ ಪದ್ಮಶ್ರೀ ಪಡೆದ ಹೀರಾಬಾಯಿ ಲೋಬಿ ಅವರಿಗೆ ಬೆಂಬಲವಾಗಿ ನಿಂತದ್ದು ಆಗಾ ಖಾನ್ ಪ್ರತಿಷ್ಠಾನ. ಮೂರು ಮತದವರೂ ಸಿದ್ದಿಗಳಿಗೆ ಸಹಾಯ ಮಾಡಲು ಪೈಪೋಟಿ ನಡೆಸುತ್ತಿದ್ದರೆ ಅದನ್ನು ನಾನಂತೂ ಕೆಟ್ಟದ್ದೆನ್ನಲಾರೆ. ನಾನು ಕೇಳುವ ಪ್ರಶ್ನೆ ಬೇರೆ. ಜುಜೆಯನ್ನೂ ಗಣಪನನ್ನೂ ಬೇರೆ ಬೇರೆ ಸಭೆಗೆ ಕರೆದು ಕೂರಿಸುತ್ತೀರೋ, ಒಂದೇ ಚಾಪೆಯ ಮೇಲೆಯೋ? ಒಂದೇ ಪ್ರಮಾಣಪತ್ರದಲ್ಲಿ ಕೂಡಿದವರನ್ನು ಹಾಸ್ಟೆಲುಗಳು ಬೇರೆ ಮಾಡಿದರೆ ಅದಕ್ಕಿಂತ ನಷ್ಟ ಇಲ್ಲ. ಗೌಳಿ, ಲಂಬಾಣಿ, ದಲಿತ, ಸಿದ್ದಿ ಎಲ್ಲರನ್ನೂ ಒಳಗೊಳ್ಳುವ ಲೊಯೋಲಾ ಕೇಂದ್ರದ ದಾರಿ ನನಗೆ ಹಿಡಿಸುವುದು ಇದೇ ಕಾರಣಕ್ಕೆ. ಅತ್ತಿವೇರಿಯಲ್ಲೇ ಇರುವ ಬಸವಧಾಮ ನೆಲೆಯಿಲ್ಲದ ಮಕ್ಕಳನ್ನು ಸಾಕುತ್ತದೆ. ಅಲ್ಲಿಗೂ ಇಲ್ಲಿಗೂ ದೇವರ ಹೆಸರು ಬೇರೆ, ಬೆಳಗ್ಗೆ ಎದ್ದು ಮಾಡುವ ಕೆಲಸ ಒಂದೇ.

ದುಡ್ಡಿನ ಮಾತೂ ಆಗಬೇಕು. ಇಂಥ ಸಂಸ್ಥೆಗಳು ಬಹುಕಾಲ ವಿದೇಶಿ ದೇಣಿಗೆಯನ್ನು ನೆಚ್ಚಿಕೊಂಡವು. ಜರ್ಮನಿಯ ಮಿಸೆರಿಯೋರ್‌ನಂಥ ಚರ್ಚು ನಿಧಿಗಳು ದೊಡ್ಡ ಸಂಸ್ಥೆಗೆ ಕೊಡುತ್ತಿದ್ದವು, ದೊಡ್ಡದು ಸಣ್ಣದಕ್ಕೆ ಹಂಚುತ್ತಿತ್ತು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದು ಈ ಹಂಚಿಕೆಯೇ ನಿಂತಿತು. ವಿದೇಶದ ದುಡ್ಡು ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಖಾತೆ ನವದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯಲ್ಲಿ ತೆರೆಯಬೇಕು. ಆಡಳಿತ ವೆಚ್ಚ ನೂರಕ್ಕೆ ಇಪ್ಪತ್ತು ದಾಟಬಾರದು, ಮೊದಲು ಐವತ್ತರವರೆಗೆ ಅವಕಾಶವಿತ್ತು. ಮೋಸ ಮಾಡುವವರನ್ನು ಹಿಡಿಯಲು ಬಿಗಿ ಕಾಯ್ದೆ ಬೇಕು, ಒಪ್ಪೋಣ. ಆದರೆ ಕೇರಿಗೆ ಹೋಗಿ ಅರ್ಜಿ ಬರೆಸುವ ಹುಡುಗಿಯ ಸಂಬಳವನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ? ಕಟ್ಟಡ ಕಟ್ಟಿದರೆ ಅದು ಕೆಲಸ, ಮನುಷ್ಯರನ್ನು ಇಟ್ಟುಕೊಂಡರೆ ಖರ್ಚು ಎಂದು ಲೆಕ್ಕಪತ್ರದವರು ನೋಡತೊಡಗಿದರೆ ಮೊದಲು ಮಡಚುವುದು ಚಾಪೆಯನ್ನೇ. ವಿದೇಶದ ದುಡ್ಡು ಬೇಡವೆನ್ನುವ ನಮ್ಮಲ್ಲಿ ಎಷ್ಟು ಮಂದಿ ಊರಿನ ದುಡ್ಡು ಕೊಟ್ಟಿದ್ದೇವೆ ಎಂಬುದನ್ನೂ ಇದೇ ಉಸಿರಿನಲ್ಲಿ ಕೇಳಿಕೊಳ್ಳಬೇಕು.

ಕೊನೆಗೆ ಕೌದಿಯ ವಿಚಾರ. ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಕೊಂಕಣಿಯಲ್ಲಿ ಕವಂದ್ ಎನ್ನುತ್ತಾರೆ. ನಮ್ಮ ಅಜ್ಜಿಯೂ ಕೌದಿ ಹೊಲಿಯುತ್ತಿದ್ದಳು, ಉತ್ತರ ಕರ್ನಾಟಕದ ಯಾವ ಮನೆಯಲ್ಲಿ ಇಲ್ಲ! ಸಿದ್ದಿಗಳ ಕೌದಿಯ ಚೆಲುವು ಬಣ್ಣ ಜೋಡಿಸುವ ಧಾರಾಳದಲ್ಲಿದೆ. ಹಳೆಯ ಸೀರೆ, ಅಂಗಿ, ಲಂಗಗಳ ಚೂರುಗಳನ್ನು ಒಂದು ಮೂಲೆಯಿಂದ ಇಡುತ್ತ, ಅಂಚಿನ ಗುಂಟ ಸುತ್ತಿ ಸುತ್ತಿ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ ಕಾಣಬಹುದು, ಮುಸ್ಲಿಮರದರಲ್ಲಿ ಅರ್ಧಚಂದ್ರ. ನಾಲ್ಕು ಮೂಲೆಗೆ ಮಡಚಿದ ತ್ರಿಕೋನಗಳಿರುತ್ತವೆ, ಅವಕ್ಕೆ ‘ಫುಲ’ ಎಂದು ಹೆಸರು. ಹೂವು. ಅದಿಲ್ಲದಿದ್ದರೆ ಕೌದಿ ಬತ್ತಲೆ ಎನ್ನುವುದು ಅವರ ಮಾತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಕಂಡು ಬೆರಗಾದರು. ಅವರ ಒತ್ತಾಸೆಯಿಂದ 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಹುಟ್ಟಿತು, 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನವಾಯಿತು. ಅಲ್ಲಿನ ಹಾರ್ಲೆಮ್ ಬಡಾವಣೆಯ ಕರಿಯರು ಮುಂಡಗೋಡ, ಯಲ್ಲಾಪುರದ ಕೌದಿ ನೋಡಿ ತಮ್ಮ ಅಜ್ಜಿಯರ ಹೊದಿಕೆಗಳನ್ನು ನೆನೆದಿರಬೇಕು.

ಕೌದಿಯಿಂದ ಸಿದ್ದಿಗಳ ಬಡತನ ಹೋಗುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ದೊಡ್ಡ ಕೌದಿಯೊಂದಕ್ಕೆ ವಾರಗಟ್ಟಲೆ ಕೈಕೆಲಸ ಬೀಳುತ್ತದೆ, ಮಳೆಗಾಲದಲ್ಲಿ, ಕೂಲಿ ಇಲ್ಲದ ದಿನಗಳಲ್ಲಿ ಕೂತು ಹೊಲಿಯುವಂಥದ್ದು ಅದು. ಆದರೆ ಮಾರಿ ಬಂದ ದುಡ್ಡು ಒಡೆಯರ ಪುಸ್ತಕಕ್ಕೆ ಹೋಗುವುದಿಲ್ಲ. ಹೆಂಗಸಿನ ಕೈಗೇ ಬರುತ್ತದೆ, ಸಂಘದ ಪಾಸ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆಯೇ ಜಮೆಯಾಗುತ್ತದೆ. ಅವಳ ಹೆಸರಿರುವ ಇನ್ನೊಂದು ಕಾಗದ.

ಹಕ್ಕಿ ನೋಡಲು ಅತ್ತಿವೇರಿಗೆ ಹೋಗುವವರು ಚಳಿಗಾಲದಲ್ಲಿ ಹೋಗಿ, ನವೆಂಬರಿನಿಂದ ಫೆಬ್ರವರಿಯವರೆಗೆ ಕೆರೆ ತುಂಬ ಕಲರವ. ಮುಂಡಗೋಡದ ಕಡೆ ಸಾಗಿದರೆ ಗುಂಜಾವತಿಯಲ್ಲೋ ಮೈನಳ್ಳಿಯಲ್ಲೋ ಕೌದಿ ಹೊಲಿಯುವವರು ಸಿಕ್ಕಾರು. ಯಾವ ದೇಶದವರು ಎಂದು ಕೇಳಬೇಡಿ, ಕನ್ನಡದಲ್ಲೇ ಮಾತಾಡಿ. ಕೊಳ್ಳುವುದಾದರೆ ಚೌಕಾಸಿ ಮಾಡಬೇಡಿ.